ಮೊದಲ ಕಾದಂಬರಿ ಜೊತೆ ಎಲ್ಲಿಗೆ? ಈಸ್ಟರ್‌ಕಾನ್ ಮತ್ತು ವರ್ಲ್ಡ್‌ಕಾನ್, ಒಂದು ಹೋಲಿಕೆ

ಇಂಗ್ಲಿಷಿನಲ್ಲಿ ಬರೆದ ಮೊದಲ ಸೈನ್ಸ್ ಫಿಕ್ಷನ್ ಇಲ್ಲವೇ ಫ್ಯಾಂಟಸಿ ಕಾದಂಬರಿ ಬ್ರಿಟನ್ನಿನ ಸಣ್ಣ ಪ್ರಕಾಶನವೊಂದರಿಂದ ಬಂದಿದೆ, ವರ್ಷಕ್ಕೆ ಒಂದೇ ಕನ್ವೆನ್ಷನ್ನಿಗೆ, ಅಂದರೆ ಓದುಗರು-ಲೇಖಕರು ಸೇರುವ ಸಮ್ಮೇಳನಕ್ಕೆ, ಆಗುವಷ್ಟು ದುಡ್ಡು, ರಜೆ ಇದೆ ಅನ್ನುವವರು ಬ್ರಿಟನ್ನಿನ ರಾಷ್ಟ್ರೀಯ ಸೈನ್ಸ್ ಫಿಕ್ಷನ್ ಸಮ್ಮೇಳನವಾದ ಈಸ್ಟರ್‌ಕಾನ್‌ಗೆ ಹೋಗಬೇಕು. ವಿಶ್ವ ಸೈನ್ಸ್ ಫಿಕ್ಷನ್ ಸಮ್ಮೇಳನವಾದ ವರ್ಲ್ಡ್‌ಕಾನ್ ಎರಡನೇ ಪುಸ್ತಕಕ್ಕೆ ಇರಲಿ. ಎರಡರಲ್ಲೂ ಹೊಸ ಲೇಖಕರಾಗಿ ಓಡಾಡಿದ ಮೇಲೆ ಹೇಳುತ್ತಿರುವ ಮಾತಿದು. ಬೆಂಗಳೂರಿನಿಂದ ಹೋಗುವವರಿಗೂ ಬ್ರಿಟನ್ನಿನಲ್ಲೇ ನೆಲೆಸಿ ಬರೆಯುತ್ತಿರುವ ಕನ್ನಡಿಗರಿಗೂ ಇದು ಅನ್ವಯಿಸುತ್ತದೆ. ವೀಸಾ ಲೆಕ್ಕ ಮಾತ್ರ ಬೇರೆ.

ವರ್ಲ್ಡ್‌ಕಾನ್ 1939ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಯಿತು. ವರ್ಷಕ್ಕೊಂದು ಊರು ಸುತ್ತುತ್ತದೆ: 2024ರಲ್ಲಿ ಗ್ಲಾಸ್ಗೊ, 2025ರಲ್ಲಿ ಸಿಯಾಟಲ್. ಐದು ದಿನ, ಸಾವಿರಾರು ಜನ, ಒಂದೇ ಹೊತ್ತಿನಲ್ಲಿ ಹತ್ತಾರು ಕೋಣೆಗಳಲ್ಲಿ ಕಾರ್ಯಕ್ರಮ. 2019ರ ಡಬ್ಲಿನ್‌ನಲ್ಲಿ ಮುಖ್ಯ ಕಟ್ಟಡದಿಂದ ಇನ್ನೊಂದು ಕಾರ್ಯಕ್ರಮದ ಜಾಗವಾದ ಪಾಯಿಂಟ್ ಸ್ಕ್ವೇರ್‌ಗೆ ಹೋಗಲು ಟ್ರ್ಯಾಮ್ ಹತ್ತಬೇಕಿತ್ತು ಇಲ್ಲವೇ ನಡೆಯಬೇಕಿತ್ತು, ಕೋಣೆಗಳ ಮುಂದೆ ಉದ್ದುದ್ದ ಸಾಲು. ಈಸ್ಟರ್‌ಕಾನ್ ಗುಡ್ ಫ್ರೈಡೇಯಿಂದ ಸೋಮವಾರದವರೆಗೆ, ಸಾಮಾನ್ಯವಾಗಿ ಒಂದು ಹೋಟೆಲು ಅಥವಾ ಹೋಟೆಲಿಗೆ ಅಂಟಿಕೊಂಡ ಸಭಾಂಗಣದಲ್ಲಿ. ಅದೂ ಊರೂರು ಸುತ್ತುತ್ತದೆ. ಜನ ಕಡಿಮೆ, ಬಾರ್ ಒಂದೇ. ಬೆಳಿಗ್ಗೆ ಪ್ಯಾನೆಲ್ ಚರ್ಚೆಯಲ್ಲಿ ಪಕ್ಕದಲ್ಲಿ ಕೂತಿದ್ದ ಸಂಪಾದಕರು ರಾತ್ರಿ ಅದೇ ಬಾರ್‌ನಲ್ಲಿ ಸಿಗುತ್ತಾರೆ, ಮರುದಿನ ತಿಂಡಿಗೆ ಮತ್ತೆ ಎದುರಾಗುತ್ತಾರೆ. ಹೊಸಬರ ಹೆಸರು ನೆನಪಲ್ಲಿ ಉಳಿಯುವುದು ಈ ಮೂರನೇ ಭೇಟಿಯಲ್ಲಿ. ವರ್ಲ್ಡ್‌ಕಾನ್‌ನಲ್ಲಿ ಒಮ್ಮೆ ಕೈಕುಲುಕಿದವರು ಮತ್ತೆ ಕಣ್ಣಿಗೆ ಬಿದ್ದರೆ ಅದೃಷ್ಟ.

ಪ್ಯಾನೆಲ್ ಸಿಗಬೇಕಾದರೆ ಎರಡೂ ಕಡೆ ಸಂಘಟಕರ ಫಾರ್ಮ್ ತುಂಬಬೇಕು, ತಿಂಗಳುಗಟ್ಟಲೆ ಮುಂಚೆ. ಅದರಲ್ಲಿ ‘ನನ್ನ ಕಾದಂಬರಿಯ ಬಗ್ಗೆ ಮಾತಾಡಬಲ್ಲೆ’ ಎಂದು ಬರೆದರೆ ಪ್ರಯೋಜನವಿಲ್ಲ. ಪುಸ್ತಕವನ್ನು ಬದಿಗಿಟ್ಟರೂ ನೀವು ಒಂದು ಗಂಟೆ ಮಾತಾಡಬಲ್ಲ ಮೂರ್ನಾಲ್ಕು ವಿಷಯ ಕೊಡಿ: ಕೆರೆ-ಕಾಲುವೆ ವ್ಯವಸ್ಥೆಯ ಮೇಲೆ ಕಟ್ಟಿದ ಕಾಲ್ಪನಿಕ ರಾಜ್ಯ, ಯಕ್ಷಗಾನದ ರಾಕ್ಷಸ ಪಾತ್ರಗಳು, ಎರಡು ಭಾಷೆಯಲ್ಲಿ ಯೋಚಿಸಿ ಒಂದರಲ್ಲಿ ಬರೆಯುವುದು, ನಿಮ್ಮ ಉದ್ಯೋಗದ ತಾಂತ್ರಿಕ ವಿಷಯ. ಅರ್ಜಿಗಳ ರಾಶಿ ಚಿಕ್ಕದಾದ್ದರಿಂದ ಈಸ್ಟರ್‌ಕಾನ್‌ನಲ್ಲಿ ಹೊಸಬರಿಗೆ ಅವಕಾಶ ಹೆಚ್ಚು. ಮೇಜಿನ ಮೇಲೆ ಒಂದೇ ಪ್ರತಿ ನಿಲ್ಲಿಸಿ; ಗೋಡೆ ಕಟ್ಟಿದಂತೆ ನಾಲ್ಕೈದು ಇಡುವವರನ್ನು ಸಭೆ ಇಷ್ಟಪಡುವುದಿಲ್ಲ.

ಕಾದಂಬರಿ ವಾಚನಕ್ಕೆ ಒಬ್ಬರೇ ಕೂರಬೇಡಿ. ವರ್ಲ್ಡ್‌ಕಾನ್‌ನಲ್ಲಿ ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ದೊಡ್ಡ ಹೆಸರಿನವರು ಇದ್ದೇ ಇರುತ್ತಾರೆ, ನಿಮ್ಮ ಮುಂದೆ ಮೂರು ಜನ ಕೂತಿರುತ್ತಾರೆ. ಮೂವರು ಹೊಸಬರು ಸೇರಿ ಒಂದು ಗುಂಪು ವಾಚನ ಕೇಳಿ, ಪ್ರತಿಯೊಬ್ಬರಿಗೂ ಎಂಟು ನಿಮಿಷ. ಎಂಟು ನಿಮಿಷಕ್ಕೆ ಇಂಗ್ಲಿಷಿನ ಸುಮಾರು 1,100 ಪದ, ಅದಕ್ಕಿಂತ ಹೆಚ್ಚಲ್ಲ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ: ಪುಸ್ತಕ ಮಾರಾಟದ ಕೋಣೆಗೆ ನಿಮ್ಮ ಪುಸ್ತಕ ತಲುಪುವುದು. ಪ್ಯಾನೆಲ್ ಚೆನ್ನಾಗಿ ಆಗುತ್ತದೆ, ಏಳೆಂಟು ಜನ ‘ಪುಸ್ತಕ ಎಲ್ಲಿದೆ’ ಎಂದು ಕೇಳಿಕೊಂಡು ಡೀಲರ್ಸ್ ರೂಮಿಗೆ ಹೋಗುತ್ತಾರೆ, ಅಲ್ಲಿ ಪ್ರತಿ ಇರುವುದಿಲ್ಲ. ಪ್ಯಾನೆಲ್ ಮುಗಿದ ಮೊದಲ ಒಂದು ಗಂಟೆಯಲ್ಲಿ ಆಗದ ಮಾರಾಟ ಆಮೇಲೆ ಆಗುವುದು ಅಪರೂಪ. ಆನ್‌ಲೈನ್‌ನಲ್ಲಿ ತರಿಸಿಕೊಳ್ಳುತ್ತೇವೆ ಅನ್ನುವವರಲ್ಲಿ ಹೆಚ್ಚಿನವರು ಮನೆ ಸೇರುವಷ್ಟರಲ್ಲಿ ಹೆಸರು ಮರೆತಿರುತ್ತಾರೆ.

ಇದು ಯಾರ ಉದಾಸೀನದಿಂದಲೂ ಆಗುವುದಲ್ಲ. ಕನ್ವೆನ್ಷನ್‌ನಲ್ಲಿ ಪುಸ್ತಕದಂಗಡಿ ಇರುತ್ತದಲ್ಲ, ಅವರೇ ತರಿಸುತ್ತಾರೆ ಎಂದು ಪ್ರಕಾಶಕರು ಅಂದುಕೊಂಡಿರುತ್ತಾರೆ. ಅಂಗಡಿಯವರು ಗಾರ್ಡ್‌ನರ್ಸ್‌ನಂಥ ಸಗಟು ಪುಸ್ತಕ ವ್ಯಾಪಾರಿಗಳ ಪಟ್ಟಿಯಲ್ಲಿ ನಿಮ್ಮ ಹೆಸರು ಹುಡುಕುತ್ತಾರೆ. ಅಲ್ಲಿ ‘ಪ್ರಿಂಟ್ ಆನ್ ಡಿಮ್ಯಾಂಡ್, ಫರ್ಮ್ ಸೇಲ್’ ಎಂದಿದ್ದು ರಿಯಾಯಿತಿಯೂ ಕಡಿಮೆ ಇದ್ದರೆ ಅವರು ಆರ್ಡರ್ ಹಾಕುವುದೇ ಇಲ್ಲ. ಪ್ರಿಂಟ್ ಆನ್ ಡಿಮ್ಯಾಂಡ್ ಅಂದರೆ ಆರ್ಡರ್ ಬಂದಮೇಲಷ್ಟೇ ಮುದ್ರಣ; ಫರ್ಮ್ ಸೇಲ್ ಅಂದಮೇಲೆ ಉಳಿದ ಪ್ರತಿ ವಾಪಸ್ ಹೋಗುವುದಿಲ್ಲ. ಹೆಸರೇ ಕೇಳದ ಲೇಖಕರ ಹತ್ತು ಪ್ರತಿಯನ್ನು ನಾಲ್ಕು ದಿನದ ವ್ಯಾಪಾರಕ್ಕಾಗಿ ಕೊಂಡು ಆಮೇಲೆ ಕಪಾಟಿನಲ್ಲಿ ಇಟ್ಟುಕೊಳ್ಳಲು ಯಾವ ಅಂಗಡಿಯವರಿಗೂ ಆಗದು. ನ್ಯಾಯವೇ.

ದಾರಿ ಒಂದೇ, ಕನ್‌ಸೈನ್‌ಮೆಂಟ್: ಪ್ರತಿಗಳನ್ನು ಅಂಗಡಿಯವರ ಮೇಜಿನಲ್ಲಿ ಇಡುವುದು, ಮಾರಾಟವಾದದ್ದಕ್ಕೆ ಮಾತ್ರ ಅವರು ಹಣ ಕೊಡುವುದು. ಕನ್ವೆನ್ಷನ್ನಿಗೆ ಆರರಿಂದ ಎಂಟು ವಾರ ಮುಂಚೆ ಜಾಲತಾಣದ ಡೀಲರ್‌ಗಳ ಪಟ್ಟಿ ನೋಡಿ ಹೊಸ ಪುಸ್ತಕ ಮಾರುವವರು ಯಾರು ಎಂದು ಗುರುತಿಸಿ. ಹಳೆಯ ಪುಸ್ತಕ, ಆಭರಣ, ಟೀ ಶರ್ಟ್ ಮೇಜುಗಳೂ ಅದರಲ್ಲಿ ಇರುತ್ತವೆ. ಇಮೇಲ್‌ನಲ್ಲಿ ಶೀರ್ಷಿಕೆ, ಐಎಸ್‌ಬಿಎನ್, ಮುಖಬೆಲೆ, ಎಷ್ಟು ಪ್ರತಿ, ನಿಮ್ಮ ಪ್ಯಾನೆಲ್ ಯಾವ ದಿನ ಅನ್ನುವುದಷ್ಟೇ ಇರಲಿ. ಅಂಗಡಿಯವರ ಪಾಲು ಸಾಮಾನ್ಯವಾಗಿ ಮುಖಬೆಲೆಯ ಶೇ 30ರಿಂದ 40. ಹತ್ತು ಪೌಂಡಿನ ಪುಸ್ತಕಕ್ಕೆ ಶೇ 35 ಹೋದರೆ ಕೈಗೆ ಆರೂವರೆ ಪೌಂಡು, ಅದರಲ್ಲಿ ಮುದ್ರಣದ ಖರ್ಚು ಕಳೆಯಬೇಕು. ಈ ವ್ಯವಹಾರ ಲಾಭಕ್ಕಲ್ಲ, ಪುಸ್ತಕ ಓದುಗರ ಕೈ ಸೇರುವುದಕ್ಕೆ. ಪ್ರತಿಗಳ ಸಂಖ್ಯೆ, ಪಾಲು, ಉಳಿದದ್ದನ್ನು ಏನು ಮಾಡುವುದು, ಹಣ ಯಾವ ಖಾತೆಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಕೊನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮೇಜುಗಳು ಖಾಲಿಯಾಗತೊಡಗುತ್ತವೆ. ಅದಕ್ಕೆ ಮುಂಚೆ ಹೋಗಿ ಉಳಿದದ್ದನ್ನು ಎಣಿಸಿಕೊಳ್ಳಬೇಕು.

ಪ್ರತಿಗಳನ್ನು ಕಳಿಸುವುದು ಅಂಗಡಿಯವರ ವಿಳಾಸಕ್ಕೆ, ಹೋಟೆಲಿಗಲ್ಲ. ರಜೆಯ ವಾರದಲ್ಲಿ ಹೋಟೆಲಿಗೆ ಬಂದ ಪೆಟ್ಟಿಗೆ ಉಗ್ರಾಣದಲ್ಲಿ ಯಾರ ಹೆಸರಿನಲ್ಲಿದೆ ಎಂದು ಹುಡುಕುವಷ್ಟರಲ್ಲಿ ಪ್ಯಾನೆಲ್ ಮುಗಿದಿರುತ್ತದೆ. ಬೆಂಗಳೂರಿನಿಂದ ಹೊತ್ತುಕೊಂಡು ಹೋಗುವುದೂ ಬೇಡ. 300 ಗ್ರಾಂ ತೂಕದ 20 ಪ್ರತಿ ಅಂದರೆ ಆರು ಕಿಲೊ, ಅಷ್ಟೇ ಅಲ್ಲ, ಮಾರುವ ಸರಕೆಂದು ಕಸ್ಟಮ್ಸ್‌ಗೆ ತಿಳಿಸಬೇಕು. ಪ್ರಕಾಶಕರೇ ಬ್ರಿಟನ್ನಿನಲ್ಲಿ 15 ಪ್ರತಿ ಮುದ್ರಿಸಿ ನೇರವಾಗಿ ಅಂಗಡಿಯವರಿಗೆ ಕಳಿಸಲಿ. ಈಸ್ಟರ್‌ಕಾನ್‌ಗೆ ಅಷ್ಟು ಧಾರಾಳ ಸಾಕು.

ಇದೇ ಕೆಲಸ ವರ್ಲ್ಡ್‌ಕಾನ್‌ನಲ್ಲಿ ಎರಡು ಪಟ್ಟು ಕಷ್ಟ. ಊರು ಬದಲಾದಂತೆ ಅಂಗಡಿಯವರೂ ಹೆಚ್ಚಾಗಿ ಬದಲಾಗುತ್ತಾರೆ, ಪರಿಚಯ ಉಳಿಯುವುದಿಲ್ಲ. ಅಮೆರಿಕದ ದೊಡ್ಡ ಕನ್ವೆನ್ಷನ್ ಕೇಂದ್ರಗಳಲ್ಲಿ ಸರಕನ್ನು ಲಾರಿಯಿಂದ ಮೇಜಿಗೆ ಸಾಗಿಸುವುದಕ್ಕೇ ಡ್ರೇಯೇಜ್ ಎಂಬ ಪ್ರತ್ಯೇಕ ಶುಲ್ಕ ಬೀಳುವುದುಂಟು. ಹಾಗಾಗಿ ಅಂಗಡಿಯವರು ಹೊಸಬರ ಪೆಟ್ಟಿಗೆ ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುತ್ತಾರೆ.

ಭಾರತದಿಂದ ಹೋಗುವವರು ಗಮನಿಸಲೇಬೇಕಾದದ್ದು: ಬ್ರಿಟನ್ನಿನ ಸ್ಟ್ಯಾಂಡರ್ಡ್ ವಿಸಿಟರ್ ವೀಸಾದಲ್ಲಿ ಸಮ್ಮೇಳನಕ್ಕೆ ಹಾಜರಾಗಬಹುದು, ಲಾಭದ ಉದ್ದೇಶವಿಲ್ಲದ ಕಡೆ ಒಂದೆರಡು ಭಾಷಣ ಮಾಡಬಹುದು, ಆದರೆ ಸಾರ್ವಜನಿಕರಿಗೆ ನೇರ ಮಾರಾಟ ಮಾಡುವಂತಿಲ್ಲ. ಸ್ವಂತ ಮೇಜು ಬಾಡಿಗೆಗೆ ಹಿಡಿಯುವ ಯೋಚನೆ ಅಲ್ಲಿಗೇ ಬಿಡಿ. ಕನ್‌ಸೈನ್‌ಮೆಂಟ್ ಹಾಳೆಯೂ ಪ್ರಕಾಶಕರ ಹೆಸರಿನಲ್ಲೇ ಇರಲಿ, ಹಣ ಅವರ ಖಾತೆಗೇ ಹೋಗಲಿ. ಪ್ರಯಾಣಕ್ಕೆ ಮೂರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ವರ್ಲ್ಡ್‌ಕಾನ್ ಅಮೆರಿಕದಲ್ಲಿ ನಡೆಯುವ ವರ್ಷ ವೀಸಾ ಸಂದರ್ಶನದ ದಿನಾಂಕಕ್ಕೇ ತಿಂಗಳುಗಟ್ಟಲೆ ಕಾಯಬೇಕಾಗಬಹುದು.

ಈಸ್ಟರ್‌ಕಾನ್‌ಗೂ ತನ್ನದೇ ತಾಪತ್ರಯಗಳಿವೆ, ಎಲ್ಲವೂ ಹಬ್ಬದ ರಜೆಯಿಂದ ಬಂದವು. ಆ ನಾಲ್ಕು ದಿನ ರೈಲು ಹಳಿಗಳ ದುರಸ್ತಿ ಇಟ್ಟುಕೊಳ್ಳುವುದು ಅಲ್ಲಿನ ವಾಡಿಕೆ. ಗುರುವಾರವೇ ಊರು ಸೇರಿ, ಮಂಗಳವಾರ ಹೊರಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈಸ್ಟರ್ ಭಾನುವಾರ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಕಾನೂನಿನ ಪ್ರಕಾರ ಮುಚ್ಚಿರುತ್ತವೆ. ಸಸ್ಯಾಹಾರಿಗಳು ಶನಿವಾರ ಸಂಜೆಯೇ ಬ್ರೆಡ್ಡು, ಮೊಸರು, ಹಣ್ಣು ತಂದಿಟ್ಟುಕೊಳ್ಳಿ. ಹೋಟೆಲಿನ ಊಟ ದುಬಾರಿ, ಆಯ್ಕೆ ಒಂದೋ ಎರಡೋ. ಅವಲಕ್ಕಿ, ಚಟ್ನಿಪುಡಿ ಪೆಟ್ಟಿಗೆಯಲ್ಲಿದ್ದರೆ ಭಾನುವಾರ ರಾತ್ರಿ ಆರಾಮ.

ವರ್ಲ್ಡ್‌ಕಾನ್ ಗೆಲ್ಲುವುದು ಒಂದು ಕಡೆ. ವರ್ಲ್ಡ್‌ಕಾನ್ ಸದಸ್ಯರು ಮತ ಹಾಕಿ ಆರಿಸುವ ಹ್ಯೂಗೊ ಪ್ರಶಸ್ತಿಗಳ ಜೊತೆಗೇ ಹೊಸ ಲೇಖಕರಿಗಾಗಿ ಅಸ್ಟೌಂಡಿಂಗ್ ಪ್ರಶಸ್ತಿಯ ಮತದಾನವೂ ನಡೆಯುತ್ತದೆ, ಮೊದಲ ವೃತ್ತಿಪರ ಪ್ರಕಟಣೆಯ ನಂತರ ಎರಡು ವರ್ಷ ಮಾತ್ರ ಅರ್ಹತೆ. ನಿಮ್ಮ ಪ್ರಕಾಶಕರು ಅಮೆರಿಕದವರಾಗಿದ್ದು, ಪುಸ್ತಕ ಅಲ್ಲಿನ ಓದುಗರ ಕೈಯಲ್ಲಿ ಆಗಲೇ ಓಡಾಡುತ್ತಿದ್ದರೆ ನನ್ನ ಸಲಹೆ ತಿರುಗುಮುರುಗು ಆಗುತ್ತದೆ.

ಹಾರರ್ ಬರೆಯುವವರಿಗೆ ಬ್ರಿಟಿಷ್ ಫ್ಯಾಂಟಸಿ ಸೊಸೈಟಿಯ ಫ್ಯಾಂಟಸಿಕಾನ್ ಹೆಚ್ಚು ಹೊಂದುತ್ತದೆ. ಬೆಂಗಳೂರಿನ ಕಾಮಿಕ್ ಕಾನ್ ಕಾಮಿಕ್ಸ್‌ಗೆ, ಪಾತ್ರಗಳ ವೇಷ ಹಾಕುವ ಕಾಸ್‌ಪ್ಲೇಗೆ ಚೆನ್ನ, ಚಿತ್ರವಿಲ್ಲದ ಕಾದಂಬರಿಗೆ ಅಲ್ಲ.

ಈಸ್ಟರ್‌ಕಾನ್ ನೋಂದಣಿ ಶುಲ್ಕ ವರ್ಲ್ಡ್‌ಕಾನ್‌ನದಕ್ಕಿಂತ ಬಹಳ ಕಡಿಮೆ, ಒಂದು ರಾತ್ರಿಯ ಹೋಟೆಲ್ ಖರ್ಚೂ ಕಡಿಮೆ. ಬೇಗ ಮಲಗುವ, ಗದ್ದಲ ಆಗದ, ಒಂದೇ ಕಟ್ಟಡದಲ್ಲಿ ಮೆಟ್ಟಿಲಿಳಿದು ಕಾರ್ಯಕ್ರಮಕ್ಕೆ ಹೋಗಿ ಮಧ್ಯೆ ಅರ್ಧ ಗಂಟೆ ಕೋಣೆಯಲ್ಲಿ ಕಾಲು ಚಾಚುವ ನನ್ನಂಥವರಿಗೆ ಅದೇ ಸರಿ. ದಿನಾಂಕ ಹತ್ತಿರವಾದಂತೆ ಎರಡರ ಶುಲ್ಕವೂ ಏರುತ್ತದೆ. ಹಿಂದಿನ ವರ್ಷದ ಈಸ್ಟರ್‌ಕಾನ್ ಮುಗಿಯುವ ಹೊತ್ತಿಗೇ ಮುಂದಿನದಕ್ಕೆ ಹೆಸರು ಬರೆಸಿ. ಹೋಟೆಲಿನ ರಿಯಾಯಿತಿ ಕೋಣೆಗಳು ತೆರೆದ ದಿನವೇ ಕಾಯ್ದಿರಿಸಿ, ತಡವಾದರೆ ಪಕ್ಕದ ಬೀದಿಯ ಹೋಟೆಲೇ ಗತಿ.