ಟಿವಿ ಕಂಪ್ಯೂಟರ್: ಡಬ್ಬಿ ಮೇಲಿನ ಹೆಸರು ನಂಬಬೇಡಿ

ಕೀಬೋರ್ಡಿನ ಆಕಾರದ ಒಂದು ಡಬ್ಬಿ, ಟಿವಿಗೆ ಜೋಡಿಸಿ ಆಟ ಆಡೋದು. ಮೇಲ್ಗಡೆ ಆಟದ ಕ್ಯಾಸೆಟ್ ಹಾಕೋ ಬಾಯಿ. ಹಿಂದಿನಿಂದ ಟಿವಿಗೆ ಒಂದು ವೈರು, ಅಡಾಪ್ಟರಿಗೆ ಒಂದು. ಜೊತೆಗೆ ಎರಡು ರಿಮೋಟು, ಒಂದು ಪಿಸ್ತೂಲು. ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟವರಿಗೆ ಮೌಸು. ಅಂಗಡಿಯವರು ಇದನ್ನ ‘ಕಂಪ್ಯೂಟರ್’ ಅಂತಲೇ ಮಾರುತ್ತಿದ್ದರು. ಮನೆಯವರು ಓದೋಕೆ ಅನುಕೂಲ ಆಗುತ್ತೆ ಅಂತ ನಂಬಿ ತರುತ್ತಿದ್ದರು. ನಮ್ಮದು ಬಂದಿದ್ದು ಹುಬ್ಬಳ್ಳಿಯ ದುರ್ಗದ ಬೈಲಿನ ಒಂದು ಅಂಗಡಿಯಿಂದ, ನಾನು ಹೈಸ್ಕೂಲಿಗೆ ಸೇರಿದ ವರ್ಷ. ಈಗಲೂ ಇದೆ, ಈಗಲೂ ಓಡುತ್ತೆ. ನಮ್ಮದರ ಜೊತೆಗೆ ಗೆಳೆಯರು, ನೆಂಟರು ಅಟ್ಟದಿಂದ ಇಳಿಸಿಕೊಟ್ಟ ಇಂಥವೇ ಹಲವನ್ನ ಬಿಚ್ಚಿ ನೋಡಿದ್ದೀನಿ. ಆ ಅನುಭವದ ಮೇಲೆ ಈ ವಿಮರ್ಶೆ.

ಯಾರಿಗೆ ತೋರಿಸಿದರೂ ಮೊದಲು ಬರೋ ಮಾತು ಒಂದೇ. “ಅಯ್ಯ, ನಮ್ಮನ್ಯಾಗೂ ಇತ್ತಲ್ರೀ ಇದು! ಯಾವ ಕಂಪನೀದು ಅಂತ ನೆನಪಾಗವಲ್ತು.” ನೆನಪಾದರೂ ಪ್ರಯೋಜನ ಇಲ್ಲ ಬಿಡಿ. ಇಡೀ ಸಾಮಾನಿನಲ್ಲಿ ಎಲ್ಲಕ್ಕಿಂತ ಅಗ್ಗದ ಭಾಗ ಅಂದರೆ ಆ ಹೆಸರಿನ ಸ್ಟಿಕ್ಕರ್. ಒಳಗಿನ ಬೋರ್ಡ್ ಅದೇ, ಸ್ಟಿಕ್ಕರ್ ಮಾತ್ರ ಬೇರೆ. ನಮ್ಮ ದೇಶದಲ್ಲಿ ಮೀಡಿಯಾ, ಲಿಟಲ್ ಮಾಸ್ಟರ್ ಅಂತ ಬಂದವು. ರಷ್ಯಾದಲ್ಲಿ ಡೆಂಡಿ, ಪೋಲೆಂಡಿನಲ್ಲಿ ಪೆಗಾಸಸ್. ಎಲ್ಲದರ ಮೂಲ ಒಂದೇ: ಜಪಾನಿನ ನಿಂಟೆಂಡೋ ಕಂಪನಿ 1983ರ ಜುಲೈನಲ್ಲಿ ಬಿಟ್ಟ ಫ್ಯಾಮಿಲಿ ಕಂಪ್ಯೂಟರ್ ಅನ್ನೋ ಟಿವಿ ಆಟದ ಯಂತ್ರ, ಚಿಕ್ಕದಾಗಿ ಫ್ಯಾಮಿಕಾಮ್. ಮಿಕ್ಕಿದ್ದೆಲ್ಲ ಅದರ ನಕಲು.

ಕೀಬೋರ್ಡ್ ಸೇರಿಸೋ ಐಡಿಯಾ ಕೂಡ ಜಪಾನಿನದೇ. 1984ರಲ್ಲಿ ನಿಂಟೆಂಡೋ, ಶಾರ್ಪ್ ಮತ್ತು ಹಡ್ಸನ್ ಸಾಫ್ಟ್ ಸೇರಿ ‘ಫ್ಯಾಮಿಲಿ ಬೇಸಿಕ್’ ಅಂತ ಒಂದು ಕೀಬೋರ್ಡು, ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯೋಕೆ ಒಂದು ಕ್ಯಾಸೆಟ್ ತಂದವು. ಆಮೇಲೆ ಚೀನಾದ ಸುಬೋರ್ ಕಂಪನಿ ಆಟದ ಯಂತ್ರವನ್ನೂ ಕೀಬೋರ್ಡನ್ನೂ ಒಂದೇ ಡಬ್ಬಿಯಲ್ಲಿ ಕೂರಿಸಿತು. ‘ಕಲಿಕಾ ಯಂತ್ರ’ ಅಂತ ಕರೆದು, ಜಾಕಿ ಚಾನ್ ಕೈಲಿ ಜಾಹೀರಾತು ಮಾಡಿಸಿತು. ಆಟಕ್ಕೆ ದುಡ್ಡು ಬಿಚ್ಚದ ಅಪ್ಪ ಓದಿಗೆ ಅಂದರೆ ಬಿಚ್ಚುತ್ತಾರೆ ಅನ್ನೋ ಲೆಕ್ಕ ಚೀನಾದಲ್ಲೂ ಹುಬ್ಬಳ್ಳಿಯಲ್ಲೂ ಒಂದೇ. ಸುಬೋರ್ ನಡೆಸುತ್ತಿದ್ದ ದುವಾನ್ ಯೊಂಗ್‌ಪಿಂಗ್ 1995ರಲ್ಲಿ ಹೊರಬಂದು ಬಿಬಿಕೆ ಕಂಪನಿ ಕಟ್ಟಿದರು. ಒಪ್ಪೋ, ವಿವೋ ಫೋನುಗಳ ಬೇರು ಅಲ್ಲಿದೆ. ಕೊಪ್ಪಿಕರ್ ರಸ್ತೆಯ ಮೊಬೈಲ್ ಅಂಗಡಿ ಬೋರ್ಡುಗಳನ್ನ ನೋಡಿದಾಗೆಲ್ಲ ನನಗೆ ಇದೇ ನೆನಪಾಗಿ ನಗು ಬರುತ್ತೆ.

ಸರಿ, ನಿಮ್ಮದು ಯಾವುದು ಅಂತ ಗುರುತು ಹಿಡಿಯೋದು ಹೇಗೆ? ಕ್ಯಾಸೆಟ್ ಒಂದಾದರೂ ಉಳಿದಿದ್ದರೆ ಅದರ ತಳದಲ್ಲಿರೋ ಬಂಗಾರದ ಬಣ್ಣದ ಪಟ್ಟಿಗಳನ್ನ ಎಣಿಸಿ. ಒಂದು ಮಗ್ಗುಲಿಗೆ 30, ಎರಡೂ ಕಡೆ ಸೇರಿ 60 ಇದ್ದರೆ ಅದು ಫ್ಯಾಮಿಕಾಮ್ ವಂಶ. ನಮ್ಮ ಕಡೆ ಸಿಗೋದು ಹೆಚ್ಚಾಗಿ ಇವೇ. 72 ಇದ್ದರೆ ಅದೇ ನಿಂಟೆಂಡೋ ಅಮೆರಿಕ, ಯುರೋಪಿನಲ್ಲಿ ಮಾರಿದ ಎನ್ಇಎಸ್ ಯಂತ್ರದ್ದು. 64 ಇದ್ದರೆ ಸೇಗಾ ಮೆಗಾ ಡ್ರೈವ್. ಬರೀ 24 ಇದ್ದರೆ ಅಟಾರಿ 2600, ಅಂದರೆ 1977ರ ಸರಕು. ರಿಮೋಟಿನ ಪಿನ್ ನೋಡಿ ತೀರ್ಮಾನಿಸಬೇಡಿ. 9 ಪಿನ್ನಿನ ಅದೇ ಕನೆಕ್ಟರ್ ಅಟಾರಿಯಲ್ಲೂ ಇದೆ, ಸೇಗಾದಲ್ಲೂ ಇದೆ, ನಮ್ಮ ನಕಲುಗಳಲ್ಲೂ ಇದೆ. ಒಳಗಿನ ವೈರಿಂಗ್ ಮಾತ್ರ ಬೇರೆ ಬೇರೆ. ಕೂರುತ್ತೆ ಅಂತ ಒಂದರದ್ದು ಇನ್ನೊಂದಕ್ಕೆ ಚುಚ್ಚೋಕೆ ಹೋಗಬೇಡಿ.

ಕ್ಯಾಸೆಟ್ ಇಲ್ಲ, ಬರೀ ಡಬ್ಬಿ ಇದೆ ಅಂದರೆ ಕೀಗಳನ್ನ ನೋಡಿ. ಜಪಾನಿನ ಅಸಲಿ ಕೀಬೋರ್ಡಿನಲ್ಲಿ ಎಫ್1ರಿಂದ ಎಫ್8ರವರೆಗೆ ಮಾತ್ರ, ಕೀಗಳ ಮೇಲೆ ಜಪಾನಿ ಅಕ್ಷರ. ಎಫ್12ರವರೆಗೆ ಇದ್ದು, ಬಲಗಡೆ ನಂಬರ್ ಪ್ಯಾಡೂ ಇದ್ದರೆ ಅದು ಸುಬೋರ್ ಮಾದರಿಯ ಮೇಲೆ ಮಾಡಿದ್ದು. ಇದು ಯಾಕೆ ಮುಖ್ಯ ಅಂದರೆ, ಹಳೇ ಕ್ಯಾಸೆಟ್ಟಿನ ಆಟವನ್ನ ಇವತ್ತು ಲ್ಯಾಪ್‌ಟಾಪಿನಲ್ಲಿ ಮೆಸೆನ್ ಅಥವಾ ಎಫ್‌ಸಿಇಯುಎಕ್ಸ್ ಎಮ್ಯುಲೇಟರ್ (ಹಳೇ ಯಂತ್ರದ ಹಾಗೆಯೇ ನಡೆದುಕೊಳ್ಳೋ ಸಾಫ್ಟ್‌ವೇರ್) ಹಾಕಿ ಆಡಬಹುದು. ಅವೆರಡೂ ‘ಫ್ಯಾಮಿಲಿ ಬೇಸಿಕ್ ಕೀಬೋರ್ಡಾ, ಸುಬೋರ್ ಕೀಬೋರ್ಡಾ’ ಅಂತ ಕೇಳುತ್ತವೆ. ತಪ್ಪಾದದ್ದನ್ನ ಆರಿಸಿದರೆ ಟೈಪಿಂಗ್ ಕ್ಯಾಸೆಟ್ ಸರಿಯಾಗಿ ನಡೆಯೋದಿಲ್ಲ.

ಸ್ಕ್ರೂ ಬಿಚ್ಚೋ ಧೈರ್ಯ ಇದ್ದರೆ ಇನ್ನೂ ಚೆನ್ನ. ಒಳಗೆ ಎರಡು ಉದ್ದನೆ ಚಿಪ್ಪು, ಮೇಲೆ ಯುಎ6527ಪಿ, ಯುಎ6538 ಅಂತ ಬರೆದಿದ್ದರೆ ತೈವಾನಿನ ಯುಎಂಸಿ ಮಾಡಿದ ನಕಲು. ಇದು ಹಳೇ, ಗಟ್ಟಿ ಮಾಲು. ಚಿಪ್ಪೇ ಕಾಣದೆ ಬೋರ್ಡಿನ ಮೇಲೆ ಕರಿ ಅಂಟಿನ ಬೊಟ್ಟು ಮಾತ್ರ ಇದ್ದರೆ ಆಮೇಲಿನದು. ಇಡೀ ಯಂತ್ರವನ್ನೇ ಆ ಬೊಟ್ಟಿನ ಕೆಳಗಿನ ಒಂದು ತುಣುಕಿಗೆ ಇಳಿಸಿರುತ್ತಾರೆ. ನನ್ನದು ಬೊಟ್ಟಿನದು. ಅದು ಕೆಟ್ಟರೆ ರಿಪೇರಿ ಅನ್ನೋ ಮಾತೇ ಇಲ್ಲ, ಎತ್ತಿ ಇಟ್ಟುಬಿಡೋದೇ.

ಇನ್ನೊಂದು ಗುರುತು ಕಿವಿಯದು. ನನಗೆ ಇದೇ ಎಲ್ಲಕ್ಕಿಂತ ಇಷ್ಟ. ಈಗ ಯೂಟ್ಯೂಬಿನಲ್ಲಿ ಸೂಪರ್ ಮಾರಿಯೋ ಹಾಕಿದರೆ ‘ಏನೋ ಬೇರೆ ಥರ ಇದೆ, ಸ್ಪೀಡ್ ಜಾಸ್ತಿ ಇದೆ’ ಅಂತ ನಿಮಗೂ ಅನಿಸಿರಬೇಕು, ಅಲ್ವಾ? ನಿಮ್ಮ ನೆನಪು ಸರಿಯಾಗೇ ಇದೆ. ಜಪಾನ್, ಅಮೆರಿಕದ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತಿತ್ತು, ನಮ್ಮ ಪಾಲ್ ಪದ್ಧತಿಯ ಟಿವಿ 50 ಸಲ. ಆಟದ ಓಟ ಚಿತ್ರದ ಲೆಕ್ಕಕ್ಕೆ ಕಟ್ಟಿಕೊಂಡಿದ್ದರಿಂದ ಯುಎ6527ಪಿ ಥರದ ಪಾಲ್ ನಕಲಿನಲ್ಲಿ ಮಾರಿಯೋ ಆರರಲ್ಲಿ ಐದು ಪಾಲು ವೇಗದಲ್ಲಿ ಓಡುತ್ತಿದ್ದ. ಹಾಡೂ ಅಷ್ಟೇ ನಿಧಾನ. ಆದರೆ ಸ್ವರದ ಎತ್ತರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತಿತ್ತು, ಯಾಕಂದರೆ ಆ ಚಿಪ್ಪಿನ ಗಡಿಯಾರವನ್ನ 1.77 ಮೆಗಾಹರ್ಟ್ಜ್‌ಗೆ, ಅಂದರೆ ಜಪಾನಿ ಅಸಲಿಯ 1.79ರ ಹತ್ತಿರವೇ ಇಟ್ಟಿದ್ದರು. ಇದರ ಮೇಲೆ ಇನ್ನೊಂದು ಕರಾಮತ್ತು ಇದೆ. ಅಸಲಿ ಯಂತ್ರದಲ್ಲಿ ರಾಗ ನುಡಿಸೋ ಎರಡು ಚಾನೆಲ್ಲಿಗೆ ನಾಲ್ಕು ಬಗೆಯ ದನಿ ಇದೆ. ಬಹಳ ನಕಲುಗಳಲ್ಲಿ ಆ ನಾಲ್ಕರಲ್ಲಿ ಎರಡು ಅದಲುಬದಲಾಗಿವೆ. ತೆಳುವಾಗಿ ಬರಬೇಕಾದ ದನಿ ದಪ್ಪಗೆ, ದಪ್ಪಗೆ ಬರಬೇಕಾದ್ದು ತೆಳ್ಳಗೆ. ಹಾಗಾಗಿ ಟ್ಯೂನ್ ಅದೇ ಆದರೂ ಕಂಠ ಬೇರೆ. ನೀವು ಚಿಕ್ಕಂದಿನಲ್ಲಿ ಕೇಳಿದ್ದು ಆ ಬೇರೆ ಕಂಠವನ್ನ. ಎಮ್ಯುಲೇಟರಿನಲ್ಲಿ ‘ಡೆಂಡಿ’ ಅಂತ ಆರಿಸಿದರೆ ವೇಗ ನಮ್ಮ ಕಡೆಯದಕ್ಕೆ ಬರುತ್ತೆ. ‘ಹಾಂ, ಇದೇ!’ ಅಂತ ಅನಿಸಿದರೆ ನಿಮ್ಮ ಮನೇಲಿದ್ದದ್ದೂ ಆ ಜಾತಿಯದೇ.

ಟಿವಿಗೆ ಜೋಡಿಸುತ್ತಲೇ ಇರಲಿಲ್ಲ, ಅದರಲ್ಲೇ ಸಣ್ಣ ಪರದೆ ಇತ್ತು ಅನ್ನೋರು ಈ ವಂಶ ಬಿಟ್ಟುಬಿಡಿ. ಅದು ಬೇರೆ ಮನೆತನ. ಹಾಂಗ್‌ಕಾಂಗಿನ ವಿಟೆಕ್ ಕಂಪನಿ 1988ರಲ್ಲಿ ತಂದ ಪ್ರಿಕಂಪ್ಯೂಟರ್ 1000ರಲ್ಲಿ ಒಂದೇ ಸಾಲು, 20 ಅಕ್ಷರ. ಅದಕ್ಕೂ ಕ್ಯಾಸೆಟ್ ಇತ್ತು, ಅದರಲ್ಲೂ ಬೇಸಿಕ್ ಇತ್ತು. ಕೆಂಪು-ಕಿತ್ತಳೆ ಬಣ್ಣ, ಹಿಡಿಕೆ, ಇಂಗ್ಲಿಷ್ ಸ್ಪೆಲಿಂಗನ್ನ ಬಾಯಿಬಿಟ್ಟು ಕೇಳುತ್ತಿತ್ತು ಅಂದರೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಸ್ಪೀಕ್ ಅಂಡ್ ಸ್ಪೆಲ್, 1978ರದ್ದು. ವಿದೇಶದಲ್ಲಿದ್ದ ಮಾವನೋ ಕಾಕಾನೋ ತಂದುಕೊಟ್ಟಿದ್ದರೆ ಇವುಗಳಲ್ಲಿ ಒಂದಿರಬಹುದು.

ಕ್ಯಾಸೆಟ್ಟುಗಳ ವಿಷಯಕ್ಕೆ ಬರೋಣ. ಗದಗಿನ ಗೆಳೆಯನೊಬ್ಬ ಒಂದು ಚೀಲ ಕಳಿಸಿದ್ದ. ಲೇಬಲ್ಲಿನ ಮೇಲೆ 9999999 ಇನ್ 1 ಅಂತ ಇದೆ, ಒಳಗೆ ಬೆರಳೆಣಿಕೆಯ ಆಟ. ಅದೇ ಮಾರಿಯೋ ಬೇರೆ ಬೇರೆ ಹಂತದಿಂದ ಶುರುವಾಗುತ್ತಾನೆ, ಪ್ರತಿಯೊಂದಕ್ಕೂ ಹೊಸ ನಂಬರ್, ಹೊಸ ಹೆಸರು. ಇನ್ನೊಂದರ ಮೇಲೆ ಕಾರಿನ ಚಿತ್ರ, ಒಳಗೆ ಗಣಿತದ ಲೆಕ್ಕ. ಬಿಚ್ಚಿದರೆ ಇಲ್ಲೂ ಕರಿ ಬೊಟ್ಟೇ, ನಂಬರ್ ಕೂಡ ಸಿಗೋದಿಲ್ಲ. ಹಾಗಾಗಿ ತಮ್ಮ ಕ್ಯಾಸೆಟ್ ಯಾವುದು ಅಂತ ಹುಡುಕೋರು ಲೇಬಲ್ ಫೋಟೋ ತೆಗೆದು ಕೂರಬೇಡಿ. ಆನ್ ಮಾಡಿ, ಮೆನು ಬಂದಾಗ ಮೊಬೈಲಿನಲ್ಲಿ ದನಿ ಸಮೇತ ವಿಡಿಯೋ ಮಾಡಿ. ಹಿನ್ನೆಲೆ ಚಿತ್ರ, ಆಯ್ಕೆ ತೋರಿಸೋ ಬಾಣದ ಆಕಾರ, ಮೊದಲ ಮತ್ತು ಕೊನೆಯ ಆಟದ ಹೆಸರು, ಮೆನುವಿನ ಹಾಡು: ಒಂದೇ ಥರದ ಎರಡು ಕ್ಯಾಸೆಟ್ಟನ್ನ ಬೇರೆ ಮಾಡೋದು ಇವೇ.

ಹಾಗಾದರೆ ಇದರಿಂದ ಏನಾದರೂ ಕಲಿತೆನಾ? ಟೈಪಿಂಗ್ ಕಲಿತೆ, ಅದರಲ್ಲಿ ಎರಡು ಮಾತಿಲ್ಲ. ಮೇಲಿನಿಂದ ಅಕ್ಷರ ಬೀಳುತ್ತೆ, ನೆಲ ಮುಟ್ಟೋದರೊಳಗೆ ಒತ್ತಬೇಕು. ಅಷ್ಟೇ ಆಟ. ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿಗೆ ಹೋದಾಗ ಕೀಬೋರ್ಡ್ ನೋಡದೆ ಹೊಡೆಯುತ್ತಿದ್ದವರಲ್ಲಿ ನಾನೂ ಒಬ್ಬ. ಬೇಸಿಕ್ ಕೂಡ ಕೈಗೆ ಹತ್ತಿತು. ಆದರೆ ಕರೆಂಟ್ ಹೋದರೆ ಬರೆದ ಪ್ರೋಗ್ರಾಂ ಗೋವಿಂದ. ಉಳಿಸಿಕೊಳ್ಳೋ ದಾರಿಯೇ ನನ್ನ ಯಂತ್ರದಲ್ಲಿ ಇಲ್ಲ. ಜಪಾನಿನ ಅಸಲಿ ಫ್ಯಾಮಿಲಿ ಬೇಸಿಕ್ಕಿಗೆ ಟೇಪ್ ರೆಕಾರ್ಡರ್ ಜೋಡಿಸಬಹುದಿತ್ತು, ನಮಗೆ ನೋಟ್‌ಬುಕ್ಕೇ ಗತಿ. ಬರೆದುಕೊಂಡು ಮತ್ತೆ ಹೊಡೆಯಬೇಕು. ಲೋಡ್‌ಶೆಡ್ಡಿಂಗ್ ಕಾಲದಲ್ಲಿ ಇದು ದೊಡ್ಡ ಕಾಟ.

ಬೇಸಿಕ್ಕಿನಲ್ಲಿ ‘ಪ್ಲೇ’ ಅನ್ನೋ ಆಜ್ಞೆ ಇದೆ. ಸಿ, ಡಿ, ಇ ಅಂತ ಇಂಗ್ಲಿಷ್ ಅಕ್ಷರ ಕೊಟ್ಟರೆ ಸ್ವರ ನುಡಿಸುತ್ತೆ. ಧಾರವಾಡದ ನಮ್ಮ ಚಿಗವ್ವ ಹಾರ್ಮೋನಿಯಂ ಬಾರಿಸುತ್ತಿದ್ದರು. ನಾನು ಸಿಯಿಂದ ಬಿವರೆಗೆ ಸಾಲಾಗಿ ನುಡಿಸಿದ್ದನ್ನ ಕೇಳಿ, “ಎಲ್ಲಾ ಶುದ್ಧ ಸ್ವರ ಬಂದ್ವಲ್ಲೋ, ಇದು ಬಿಲಾವಲ್ ಥಾಟ್ ಐತಿ” ಅಂದರು. ಆಮೇಲೆ ಪಕ್ಕದಲ್ಲೇ ಕೂತು, “ಮ ಒಂದ ಏರಸು, ಕಲ್ಯಾಣ ಆಗತೈತಿ” ಅಂತ ಹೇಳಿ ಬರೆಸಿದರು. ಎಫ್ ಇದ್ದಲ್ಲಿ ಎಫ್ ಶಾರ್ಪ್ ಹಾಕಿದೆ, ಆಯಿತು. ಮೀಂಡ್ ಮಾತ್ರ ಬರಲಿಲ್ಲ. ಸ್ವರದಿಂದ ಸ್ವರಕ್ಕೆ ಅದು ಕುಪ್ಪಳಿಸುತ್ತೆ, ಜಾರೋದಿಲ್ಲ. ಚಿಗವ್ವ ಅಲ್ಲಿಗೆ ಆಸಕ್ತಿ ಕಳೆದುಕೊಂಡು ಒಳಗೆ ಹೋದರು.

ಕನ್ನಡ? ಆಸೆ ಬಿಡಿ. ಪರದೆಯಲ್ಲಿ ಒಂದು ಅಕ್ಷರಕ್ಕೆ ಸಿಗೋದು ಅಡ್ಡ 8, ಉದ್ದ 8 ಚುಕ್ಕೆಯ ಚೌಕ. ‘ಅ’ ಹೇಗೋ ತುರುಕಬಹುದು, ‘ಸ್ತ್ರೀ’ ಕೂರಿಸಿ ನೋಡೋಣ. ಮೆಮೊರಿ ಬೇರೆ 2 ಕಿಲೋಬೈಟ್. ಈಗಿನ ಯೂನಿಕೋಡಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಈ ವಿಮರ್ಶೆಯ ಎರಡು ಪ್ಯಾರಾ ಹಾಕಿದರೆ ಅದರ ಹೊಟ್ಟೆ ತುಂಬಿಹೋಗುತ್ತೆ. ಹಾಗಂತ ಅದು ಕಂಪ್ಯೂಟರೇ ಅಲ್ಲ ಅನ್ನೋ ಹಾಗಿಲ್ಲ. ಒಳಗಿರೋದು 1975ರ 6502 ಪ್ರೊಸೆಸರಿನ ಸಂತಾನ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆಯಲ್ಲಿ ಶಾಲೆಗಳಿಗೆ ಕೊಟ್ಟ ಬಿಬಿಸಿ ಮೈಕ್ರೋದಲ್ಲೂ ಇದ್ದದ್ದು ಅದೇ 6502. ಅಂಗಡಿಯವರು ಪೂರ್ತಿ ಸುಳ್ಳು ಹೇಳಿರಲಿಲ್ಲ.

ಬಾಳಿಕೆ ಬಗ್ಗೆ. ಕೀಬೋರ್ಡಿನ ಒಳಗಿನ ರಬ್ಬರ್ ಹಾಳೆ ಗಟ್ಟಿಯಾಗುತ್ತೆ, ಸ್ಪೇಸ್ ಬಾರ್ ಮೊದಲು ಸಾಯುತ್ತೆ. ರಿಮೋಟಿನ ವೈರು ಬುಡದಲ್ಲೇ ಮುರಿಯುತ್ತೆ. ಜೊತೆಗೆ ಬಂದ ಅಡಾಪ್ಟರ್ ವರ್ಷ ತುಂಬೋದರೊಳಗೆ ಸುಟ್ಟಿತು. ಗ್ಯಾರಂಟಿ ಅಂದಿದ್ದ ಅಂಗಡಿಯವರು “ಅಡಾಪ್ಟರಿಗೆ ಗ್ಯಾರಂಟಿ ಇಲ್ಲ” ಅಂದುಬಿಟ್ಟರು. ಹೊಸದು ತರೋಕೆ ಹೋದಾಗ ರೇಡಿಯೋ ರಿಪೇರಿ ಕಾಕಾ ಒಳ್ಳೇ ಮಾತು ಹೇಳಿದರು: “ವೋಲ್ಟ್ ಆಮ್ಯಾಲ ನೋಡೂಣು. ಮೊದಲ ಮೈನಸ್ ಒಳಗೈತೋ ಹೊರಗೈತೋ ಹೇಳು.” ನಿಂಟೆಂಡೋದ ಅಸಲಿಯಲ್ಲಿ ಪಿನ್ನಿನ ನಡುವೆ ಮೈನಸ್. ನಕಲುಗಳಲ್ಲಿ ಎರಡೂ ಥರ ಇರುತ್ತೆ, ಹೆಚ್ಚಿನವು 9 ವೋಲ್ಟ್. ಮಲ್ಟಿಮೀಟರ್ ಹಿಡಿಯದೆ ಚುಚ್ಚಬೇಡಿ.

ಕ್ಯಾಸೆಟ್ ಓಡದಿದ್ದರೆ ನಾವೆಲ್ಲ ಊದುತ್ತಿದ್ದೆವು. ಬೇಡ. ಎಂಜಲಿನ ತೇವಕ್ಕೆ ಪಟ್ಟಿ ಕಿಲುಬು ಹಿಡಿಯುತ್ತೆ, ಅದೂ ಧಾರವಾಡದ ಮಳೆಗಾಲದಲ್ಲಿ ಕೇಳಲೇಬೇಡಿ. ಹತ್ತಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಆರಿದ ಮೇಲೆ ಹಾಕಿ. ಬಹುಪಾಲು ‘ಸತ್ತ’ ಕ್ಯಾಸೆಟ್ ಇಷ್ಟಕ್ಕೇ ಎದ್ದು ಕೂರುತ್ತವೆ.

ಈಗ ಗುಜರಿಯಲ್ಲೋ ಆನ್‌ಲೈನಿನಲ್ಲೋ ಸಿಕ್ಕರೆ ತಗೋಬಹುದಾ? ಮಗುವಿನ ಓದಿಗೆ ಅಂತ ಬೇಡ, ಆ ಕೆಲಸಕ್ಕೆ ಹಳೇ ಲ್ಯಾಪ್‌ಟಾಪೇ ಮೇಲು. ನಿಮ್ಮ ಖುಷಿಗೆ ಅಂದರೆ ಧಾರಾಳವಾಗಿ ತಗೊಳ್ಳಿ, ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೀನಿ. ಹಳದಿ-ಬಿಳಿ ಎವಿ ಪಿನ್ ಇರೋದನ್ನೇ ಹುಡುಕಿ, ಆಂಟೆನಾ ವೈರಿನದಾದರೆ ಟಿವಿಯಲ್ಲಿ ಚಾನೆಲ್ ಹುಡುಕೋದೇ ಒಂದು ಕೆಲಸ ಆಗುತ್ತೆ. ಪಿಸ್ತೂಲಿಗೆ ಅಂತ ಜಾಸ್ತಿ ಕೇಳಿದರೆ ಕೊಡಬೇಡಿ. ಟ್ರಿಗರ್ ಒತ್ತಿದಾಗ ಪರದೆಯ ಮೇಲೆ ಮಿಂಚೋ ಬಿಳಿ ಚೌಕವನ್ನ ಸರಿಯಾದ ಕ್ಷಣಕ್ಕೆ ಹಿಡಿದರಷ್ಟೇ ಬೇಟೆ ಆಟದ ಬಾತುಕೋಳಿ ಬೀಳೋದು. ಎಲ್‌ಇಡಿ ಟಿವಿ ಆ ಚೌಕವನ್ನ ತಡವಾಗಿ ತೋರಿಸುತ್ತೆ. ದಪ್ಪ ಬೆನ್ನಿನ ಹಳೇ ಟಿವಿ ಮನೇಲಿ ಇಲ್ಲದಿದ್ದರೆ ಅದು ಸುಮ್ನೆ ಪ್ಲಾಸ್ಟಿಕ್ಕು.