ಹೊಸ ಬ್ಯಾಟರಿ ಕೊಳ್ಳುವ ಮೊದಲು ಹಾಸಿಗೆ ಎತ್ತಿ ಕೇಬಲ್ ನೋಡಿ

ಕಳೆದ ವರ್ಷದ ಆಷಾಢದಲ್ಲಿ, ಆಗುಂಬೆಯ ಸಮೀಪದ ಒಂದು ಹೋಂಸ್ಟೇಯ ಅಂಗಳದಲ್ಲಿ, ರಾತ್ರಿ ಎರಡು ಗಂಟೆಯ ಹೊತ್ತಿಗೆ ನನ್ನ ತಾಯಿಗೆ ಉಬ್ಬಸ ಏರಿತು. ನಾವು ಮಲಗಿದ್ದುದು ನಮ್ಮದೇ ಮೋಟಾರ್‌ಹೋಮ್‌ನಲ್ಲಿ. ನೆಬ್ಯುಲೈಸರಿಗೆ ಔಷಧಿ ಹಾಕಿ ಸ್ವಿಚ್ ಒತ್ತಿದ ಅರ್ಧ ನಿಮಿಷದಲ್ಲಿ ಇನ್ವರ್ಟರ್ ಕೂಗಿಕೊಂಡು ನಿಂತುಹೋಯಿತು. ಮಳೆಗೆ ಮರ ಬಿದ್ದು ಊರಿಗೆ ಹಿಂದಿನ ದಿನದಿಂದಲೇ ಕರೆಂಟ್ ಇರಲಿಲ್ಲ. ಅಮ್ಮನ ಚೀಲದಲ್ಲಿ ಇನ್‌ಹೇಲರ್ ಮತ್ತು ಸ್ಪೇಸರ್ ಇದ್ದುದರಿಂದ ಬೆಳಗಿನವರೆಗೆ ಹೇಗೋ ಕಳೆಯಿತು. ಬೆಳಗ್ಗೆ ತೀರ್ಥಹಳ್ಳಿಯ ಆಸ್ಪತ್ರೆಗೆ ಹೊರಡಬೇಕೆಂದು ಕೀಲಿ ತಿರುಗಿಸಿದರೆ ಸೆಲ್ಫ್ ಕೂಡ ಹೊಡೆಯಲಿಲ್ಲ.

ಮಲೆನಾಡಿನಲ್ಲಿ ಈಗ ಹಳೆಯ ವ್ಯಾನ್‌ಗಳನ್ನು ಮೋಟಾರ್‌ಹೋಮ್ ಮಾಡಿಸಿಕೊಳ್ಳುವವರು ಹೆಚ್ಚುತ್ತಿದ್ದಾರೆ. ಅವರಲ್ಲಿ ಒಬ್ಬರಿಗಾದರೂ ನಮ್ಮ ಆ ರಾತ್ರಿ ಬರಬಾರದು ಎಂಬ ಕಾರಣಕ್ಕೆ ನಡೆದದ್ದನ್ನೆಲ್ಲ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು 2016ರ ಡೀಸೆಲ್ ವ್ಯಾನ್. ಅದಕ್ಕೆ ಮಂಚ, ಅಡುಗೆ ಕಟ್ಟೆ, ನೀರಿನ ಟ್ಯಾಂಕ್, ಮನೆಯಲ್ಲಿ ಬಳಸುವಂಥದ್ದೇ ಒಂದು ಸಣ್ಣ ಫ್ರಿಜ್, 150 ಆಂಪಿಯರ್ ಅವರ್‌ನ ಟ್ಯೂಬುಲರ್ ಬ್ಯಾಟರಿ ಮತ್ತು ಮನೆಗೆ ಹಾಕುವ ಇನ್ವರ್ಟರ್ ಕೂರಿಸಿಕೊಟ್ಟವರು ವರ್ಷಗಳಿಂದ ಮನೆಗಳಿಗೆ ಇನ್ವರ್ಟರ್ ಜೋಡಿಸುತ್ತಿದ್ದವರು. ಮರಗೆಲಸ ಅಚ್ಚುಕಟ್ಟಾಗಿತ್ತು. ಗಾಡಿ ಓಡುವಾಗ ಎಂಜಿನ್ನಿನ ಡೈನಮೋದಿಂದಲೇ (ಆಲ್ಟರ್ನೇಟರ್) ಗಾಡಿಯ ಹಿಂಭಾಗದ ಈ ಬ್ಯಾಟರಿ ಚಾರ್ಜ್ ಆಗುತ್ತದೆ, ನಾಲ್ಕು ಗಂಟೆ ಓಡಿಸಿದರೆ ರಾತ್ರಿಯಿಡೀ ಚಿಂತೆಯಿಲ್ಲ ಎಂದು ಅವರು ಹೇಳಿದ್ದನ್ನು ನಾನು ನಂಬಿದೆ. ಯಾವ ದಪ್ಪದ ಕೇಬಲ್, ಎಲ್ಲಿ ಫ್ಯೂಸ್, ಅರ್ತ್ ಎಲ್ಲಿಗೆ ಎಂದು ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮೊದಲ ಲಕ್ಷಣ ಕಂಡದ್ದು ಸಾಗರದ ಮೇಲೆ ಜೋಗಕ್ಕೆ ಹೋದಾಗ. ಬೆಳಗಿನಿಂದ ಗಾಡಿ ಓಡಿದ್ದರೂ ಸಂಜೆ ಫ್ರಿಜ್‌ನ ಕಂಪ್ರೆಸರ್ ಶುರುವಾಗುವ ಪ್ರತಿ ಸಲವೂ ಇನ್ವರ್ಟರ್ ಬೀಪ್ ಎನ್ನುತ್ತಿತ್ತು. ಫೋನ್ ಮಾಡಿದಾಗ ಬ್ಯಾಟರಿಯಲ್ಲಿ ದೋಷವಿರಬೇಕೆಂಬ ಉತ್ತರ ಬಂತು. 16,000 ರೂಪಾಯಿ ಕೊಟ್ಟು ಹೊಸದನ್ನು ಹಾಕಿಸಿದೆ. ಎರಡು ತಿಂಗಳಲ್ಲಿ ಮತ್ತೆ ಅದೇ ಕಥೆ. ಈ ಸಲ ಇನ್ವರ್ಟರಿನ ಬೋರ್ಡ್ ಹೋಗಿದೆ ಎಂದರು. 9,500 ರೂಪಾಯಿಗೆ ಬೇರೆ ಇನ್ವರ್ಟರ್ ಬಂತು. ಮೂರನೆಯ ಸಲ ದೂರಿದಾಗ ಛಾವಣಿಗೆ ಸೋಲಾರ್ ಹಾಕಿಸಿ ಎಂಬ ಸಲಹೆ ಸಿಕ್ಕಿತು. ವಾರಗಟ್ಟಲೆ ಬಿಸಿಲು ಕಾಣದ ನಮ್ಮ ಮಳೆಗಾಲದಲ್ಲಿ, ಮರದ ನೆರಳಿನಲ್ಲಿ ನಿಲ್ಲಿಸುವ ಗಾಡಿಗೆ, ಸೋಲಾರ್ ಮೂಲ ದೋಷದ ಪರಿಹಾರವಾಗಲಾರದು ಎಂದು ಆಗಲೇ ಅನಿಸಿತ್ತು. ಅದನ್ನು ಹಾಕಿಸಲಿಲ್ಲ ಎಂಬುದಷ್ಟೇ ಸಮಾಧಾನ.

ದೋಷ ಇಷ್ಟು ದಿನ ಅಡಗಿ ಕೂತಿದ್ದಕ್ಕೆ ಒಂದು ಕಾರಣವಿತ್ತು. ಹೋದಲ್ಲೆಲ್ಲ ರಾತ್ರಿ ಹೋಂಸ್ಟೇಯ ಪ್ಲಗ್ಗಿಗೆ ವೈರ್ ಕೊಟ್ಟು ಮಲಗುತ್ತಿದ್ದೆವು. ಬೆಳಗಾಗುವಷ್ಟರಲ್ಲಿ ಬ್ಯಾಟರಿ ತುಂಬಿರುತ್ತಿತ್ತು, ಅದು ಹಿಂದಿನ ದಿನದ ಓಟದಿಂದ ತುಂಬಿದ್ದೆಂದು ನಾವು ತಿಳಿಯುತ್ತಿದ್ದೆವು. ನಿಮ್ಮ ಗಾಡಿ ನಿಜವಾಗಿ ಓಟದಲ್ಲಿ ಚಾರ್ಜ್ ಆಗುತ್ತಿದೆಯೇ ಎಂದು ತಿಳಿಯಬೇಕಾದರೆ ಎರಡು ರಾತ್ರಿ ಹೊರಗಿನ ಕರೆಂಟ್ ಮುಟ್ಟದೆ ಇದ್ದು ನೋಡಬೇಕು. ನಮಗೆ ಆ ಪರೀಕ್ಷೆಯನ್ನು ಆಗುಂಬೆಯ ಮಳೆಯೇ ಮಾಡಿಸಿತು.

ಆ ಬೆಳಗ್ಗೆ ಹೋಂಸ್ಟೇಯವರು ತಮ್ಮ ಜೀಪಿನಿಂದ ಜಂಪರ್ ಕೇಬಲ್ ಕೊಟ್ಟು ಗಾಡಿ ಚಾಲೂ ಮಾಡಿಸಿದರು. ಅಮ್ಮನನ್ನು ಆಸ್ಪತ್ರೆಯಲ್ಲಿ ತೋರಿಸಿ, ಅವರು ಸುಧಾರಿಸಿಕೊಂಡ ಮೇಲೆ, ತೀರ್ಥಹಳ್ಳಿಯಲ್ಲೇ ಲಾರಿಗಳ ವೈರಿಂಗ್ ಮಾಡುವ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರ ಬಳಿ ಹೋದೆ. ಅವರು ಬ್ಯಾಟರಿಯನ್ನೂ ಇನ್ವರ್ಟರನ್ನೂ ಮುಟ್ಟಲೇ ಇಲ್ಲ. ಮೊದಲು ಮೂಗಿನಿಂದ ನೋಡಿದರು: ಎಂಜಿನ್ ಬ್ಯಾಟರಿಯನ್ನೂ ಹಿಂದಿನ ಬ್ಯಾಟರಿಯನ್ನೂ ಕೂಡಿಸುವ ಸ್ವಿಚ್ಚಾದ ರಿಲೇ ಇದ್ದ ಮೂಲೆಯಲ್ಲಿ ಸುಟ್ಟ ರಬ್ಬರಿನ ವಾಸನೆ ಇತ್ತು. ಅದು ನನಗೂ ಹಲವು ಸಲ ಬಂದಿತ್ತು. ಘಾಟಿ ಹತ್ತುವಾಗ ಕ್ಲಚ್ಚಿನ ವಾಸನೆ ಎಂದುಕೊಂಡು ಸುಮ್ಮನಿದ್ದೆ. ಆಮೇಲೆ ಎಂಜಿನ್ನನ್ನು ಸ್ವಲ್ಪ ಹೆಚ್ಚಿನ ವೇಗದಲ್ಲಿ ಓಡಲು ಬಿಟ್ಟು, ಹೆಡ್‌ಲೈಟ್ ಹಾಕಿಸಿ, ಫ್ರಿಜ್ ಚಾಲೂ ಮಾಡಿಸಿ ಮಲ್ಟಿಮೀಟರ್ ಹಿಡಿದರು.

ಡೈನಮೋದ ಹಿಂಬದಿಯಲ್ಲಿ 14.2 ವೋಲ್ಟ್ ಇತ್ತು. ಅಂದರೆ ಡೈನಮೋ ಆರೋಗ್ಯವಾಗಿತ್ತು. ಹಾಸಿಗೆಯ ಕೆಳಗಿನ ಬ್ಯಾಟರಿಯ ಮೇಲೆ 12.9 ವೋಲ್ಟ್ ಮಾತ್ರ ಬರುತ್ತಿತ್ತು. ಉಳಿದ 1.3 ವೋಲ್ಟ್ ದಾರಿಯಲ್ಲೇ ಕರಗುತ್ತಿತ್ತು. “ಬ್ಯಾಟರಿ ಬದಲಿಸಿ ಏನು ಮಾಡ್ತೀರಿ ಮಾರಾಯ್ರೇ, ಕರೆಂಟು ಅದಕ್ಕೆ ಬಂದು ಮುಟ್ಟಿದರೆ ತಾನೆ?” ಎಂದರು ಅವರು. ನಮ್ಮದರಂಥ ಸೀಸದ ಬ್ಯಾಟರಿ ಪೂರ್ತಿ ತುಂಬಬೇಕಾದರೆ ಅದರ ಟರ್ಮಿನಲ್ ಮೇಲೆ ಸುಮಾರು 14.4 ವೋಲ್ಟ್ ಗಂಟೆಗಟ್ಟಲೆ ನಿಲ್ಲಬೇಕು. 12.9ರಲ್ಲಿ ಇಡೀ ದಿನ ಓಡಿಸಿದರೂ ಅದು ಅರೆಹೊಟ್ಟೆಯಲ್ಲೇ ಇರುತ್ತದೆ, ಹಾಗೆ ತಿಂಗಳುಗಟ್ಟಲೆ ಇದ್ದರೆ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ನಿಜವಾಗಿಯೂ ಸಾಯುತ್ತದೆ. ನನ್ನ ಮೊದಲ ಬ್ಯಾಟರಿ ಸತ್ತದ್ದು ಹೀಗೆಯೇ ಇರಬೇಕು.

ಆ 1.3 ವೋಲ್ಟ್ ಎಲ್ಲೆಲ್ಲಿ ಹೋಗುತ್ತಿದೆ ಎಂದು ಅವರು ಹುಡುಕಿದ ಕ್ರಮವನ್ನು ಯಾರು ಬೇಕಾದರೂ ಮಾಡಬಹುದು. ಮೀಟರಿನ ಒಂದು ಕಡ್ಡಿಯನ್ನು ಡೈನಮೋದ ಪಾಸಿಟಿವ್ ಮೇಲೆ, ಇನ್ನೊಂದನ್ನು ಹಿಂದಿನ ಬ್ಯಾಟರಿಯ ಪಾಸಿಟಿವ್ ಮೇಲೆ ಇಟ್ಟರೆ ಆ ದಾರಿಯಲ್ಲಿ ಎಷ್ಟು ನಷ್ಟವಾಗುತ್ತಿದೆ ಎಂಬುದು ನೇರವಾಗಿ ಮೀಟರಿನಲ್ಲೇ ಕಾಣುತ್ತದೆ. ಅದೇ ರೀತಿ ಎಂಜಿನ್ ಬ್ಯಾಟರಿಯ ನೆಗೆಟಿವ್‌ನಿಂದ ಹಿಂದಿನ ಬ್ಯಾಟರಿಯ ನೆಗೆಟಿವ್‌ಗೆ ಇಟ್ಟರೆ ಅರ್ತ್ ದಾರಿಯ ನಷ್ಟ ಕಾಣುತ್ತದೆ. ಉದ್ದನೆಯ ಒಂದು ವೈರ್ ಬೇಕಾಗುತ್ತದೆ, ಅಷ್ಟೆ. ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು ಎಂಬುದನ್ನು ಮಾತ್ರ ಮರೆಯಬಾರದು, ಏಕೆಂದರೆ ಎಂಜಿನ್ ನಿಲ್ಲಿಸಿ ಅಳೆದರೆ ತುಕ್ಕು ಹಿಡಿದ ಜೋಡಣೆಯೂ ಒಳ್ಳೆಯದೆಂದೇ ತೋರುತ್ತದೆ.

ಕೇಬಲಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರಿನಲ್ಲಿ ನೋಡಿದರೆ ಸುಮಾರು 30 ಆಂಪಿಯರ್ ಹರಿಯುತ್ತಿತ್ತು. ಪಾಸಿಟಿವ್ ಕೇಬಲ್ ಕೇವಲ 10 ಚದರ ಮಿಲಿಮೀಟರಿನದು, ಉದ್ದ ಏಳು ಮೀಟರ್. ತಾಮ್ರದ ಲೆಕ್ಕದಲ್ಲೇ ಅದರಲ್ಲಿ ಹತ್ತಿರ ಹತ್ತಿರ 0.4 ವೋಲ್ಟ್ ಹೋಗಬೇಕು, ಹೋಗುತ್ತಿತ್ತು. ರಿಲೇಯಲ್ಲಿ 0.1. ಉಳಿದ 0.8 ವೋಲ್ಟ್ ಹೋಗುತ್ತಿದ್ದದ್ದು ನೆಗೆಟಿವ್ ಕಡೆಯಲ್ಲಿ. ನೆಗೆಟಿವ್‌ಗೆ ಕೇಬಲನ್ನೇ ಎಳೆದಿರಲಿಲ್ಲ. ಹಿಂದಿನ ಚಕ್ರದ ಬಳಿ, ಬಣ್ಣವನ್ನೂ ಕೆರೆಯದೆ, ಗಾಡಿಯ ಲೋಹದ ಮೈಗೆ ಒಂದು ಸ್ಕ್ರೂ ಹೊಡೆದು ಅರ್ತ್ ಮಾಡಿದ್ದರು. ವರ್ಷದ ಅರ್ಧಭಾಗ ಗೋಡೆಯೂ ಒಣಗದ ನಮ್ಮ ಊರುಗಳಲ್ಲಿ, ಚಕ್ರ ಎರಚಿದ ಕೆಸರು ನೀರಿನಲ್ಲಿ ಆ ಸ್ಕ್ರೂ ಏನಾಗಿತ್ತೆಂದರೆ, ಸ್ಪ್ಯಾನರ್ ಇಟ್ಟು ತಿರುಗಿಸಿದಾಗ ತಲೆ ಪುಡಿಯಾಗಿ ಕೈಗೆ ಬಂತು.

ಸೆಲ್ಫ್ ಹೊಡೆಯದಿದ್ದುದಕ್ಕೆ ಕಾರಣ ರಿಲೇ. ಎರಡು ಬ್ಯಾಟರಿಗಳನ್ನು ಜೋಡಿಸುವ ಆ ರಿಲೇ ಎಂಜಿನ್ ಓಡುವಾಗ ಮಾತ್ರ ಕೂಡಿಕೊಂಡು, ನಿಂತಾಗ ಬಿಟ್ಟುಕೊಳ್ಳಬೇಕು. ಅದಕ್ಕೆಂದೇ ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇಗಳಿವೆ. ಅವು ಸಾಮಾನ್ಯವಾಗಿ 13.3 ವೋಲ್ಟ್ ದಾಟಿದ ಮೇಲೆ ಕೂಡುತ್ತವೆ, 12.8ಕ್ಕೆ ಇಳಿದರೆ ಬಿಡುತ್ತವೆ. ನಮ್ಮದರಲ್ಲಿ ಹಾಕಿದ್ದು ಹಾರ್ನಿಗೂ ಹೆಡ್‌ಲೈಟಿಗೂ ಬಳಸುವ 40 ಆಂಪಿಯರ್‌ನ ಸಾದಾ ರಿಲೇ, ಅದೂ ಕೀಲಿ ತಿರುಗಿಸಿದೊಡನೆ ಕೂಡುವಂತೆ. ಹಾಗಾಗಿ ಪ್ರತಿ ಸಲ ಸೆಲ್ಫ್ ಹೊಡೆದಾಗಲೂ ಸ್ಟಾರ್ಟರ್ ಮೋಟಾರು ಹಿಂದಿನ ಬ್ಯಾಟರಿಯಿಂದಲೂ ಆ ರಿಲೇಯ ಮೂಲಕ ಕರೆಂಟ್ ಎಳೆಯುತ್ತಿತ್ತು. ಅದರ ಒಳಗಿನ ಪಾಯಿಂಟುಗಳು ಕಾದು ಕಾದು ಕೊನೆಗೆ ಒಂದಕ್ಕೊಂದು ಬೆಸೆದುಕೊಂಡಿದ್ದವು. ಕೀಲಿ ತೆಗೆದರೂ ಎರಡೂ ಬ್ಯಾಟರಿಗಳು ಬಿಡಿಸಿಕೊಳ್ಳಲಿಲ್ಲ. ರಾತ್ರಿಯಿಡೀ ಫ್ರಿಜ್ ಮತ್ತು ಇನ್ವರ್ಟರ್ ಎರಡನ್ನೂ ಸೇರಿಸಿ ಬರಿದು ಮಾಡಿದವು. ಇನ್ವರ್ಟರ್ ತನ್ನನ್ನು ತಾನು ಆರಿಸಿಕೊಳ್ಳುವುದು 10.5 ವೋಲ್ಟ್ ಆಸುಪಾಸಿನಲ್ಲಿ. ಆ ಹೊತ್ತಿಗೆ ಎಂಜಿನ್ ಬ್ಯಾಟರಿಯೂ ಅಲ್ಲಿಗೇ ಇಳಿದಿತ್ತು.

ಇದಕ್ಕಿಂತ ದೊಡ್ಡ ಅಪಾಯವನ್ನು ಅವರು ಕೊನೆಯಲ್ಲಿ ತೋರಿಸಿದರು. ಆ ಏಳು ಮೀಟರ್ ಕೇಬಲಿಗೆ ಎಲ್ಲಿಯೂ ಫ್ಯೂಸ್ ಇರಲಿಲ್ಲ. ಕ್ಯಾಬಿನ್ನಿನಿಂದ ಹಿಂದಕ್ಕೆ ಹೋಗುವಲ್ಲಿ ತಗಡಿಗೆ ತೂತು ಕೊರೆದು, ರಬ್ಬರ್ ಬುಷ್ ಹಾಕದೆ ಹಾಗೆಯೇ ಎಳೆದಿದ್ದರು. ತಗಡಿನ ಅಂಚು ಕೇಬಲಿನ ಹೊದಿಕೆಯನ್ನು ತಿಂದು ಒಳಗಿನ ತಾಮ್ರ ಕಾಣುತ್ತಿತ್ತು. ಇನ್ನಷ್ಟು ಸವೆದು ಗಾಡಿಯ ಮೈಗೆ ತಾಗಿದ್ದರೆ, ಎರಡೂ ತುದಿಯಲ್ಲಿ ಬ್ಯಾಟರಿ ಇರುವ ಕೇಬಲು ಎರಡೂ ಕಡೆಯಿಂದ ಬೆಂಕಿಯಾಗುತ್ತಿತ್ತು, ಮತ್ತು ಅದು ಹಾದುಹೋಗುತ್ತಿದ್ದದ್ದು ಅಮ್ಮ ಮಲಗುವ ಮಂಚದ ಪಕ್ಕದಲ್ಲಿ. ಟ್ಯೂಬುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು ಶೇಕಡಾ 4 ಸೇರಿದರೆ ಒಂದು ಕಿಡಿ ಸಾಕು. ಅಂಥ ಬ್ಯಾಟರಿಯನ್ನು ಹೊರಗೆ ಗಾಳಿಕೊಳವೆಯಿಲ್ಲದ ಮುಚ್ಚಿದ ಪೆಟ್ಟಿಗೆಯಲ್ಲಿ, ಹಾಸಿಗೆಯ ಕೆಳಗೇ ಇಟ್ಟಿದ್ದರು. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ಸರಿಪಡಿಸಿದ್ದು ಹೀಗೆ. ಪಾಸಿಟಿವ್ ಮತ್ತು ನೆಗೆಟಿವ್ ಎರಡಕ್ಕೂ 25 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಎಳೆದು, ಪಾಸಿಟಿವ್ ಕೇಬಲಿನ ಎರಡೂ ತುದಿಯಲ್ಲಿ ಬ್ಯಾಟರಿಗೆ ಆದಷ್ಟು ಹತ್ತಿರ 60 ಆಂಪಿಯರ್‌ನ ಫ್ಯೂಸ್ ಕೂರಿಸಿದರು. ಕೇಬಲ್ ತುದಿಯ ಲೋಹದ ಲಗ್‌ಗಳನ್ನು ಸುತ್ತಿಗೆಯಿಂದ ಬಡಿಯದೆ ಹೈಡ್ರಾಲಿಕ್ ಕ್ರಿಂಪರಿನಿಂದ ಒತ್ತಿದರು. ರಿಲೇ ತೆಗೆದು 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಹಾಕಿದರು. ದಾರಿಯಲ್ಲಿ ಸ್ವಲ್ಪ ವೋಲ್ಟೇಜ್ ಇಳಿದು ಬಂದರೂ ಅದು ಮೇಲಕ್ಕೆತ್ತಿ 14.4 ಮಾಡಿ ಕೊಡುತ್ತದೆ, ಎಂಜಿನ್ ನಿಂತರೆ ತಾನೇ ಬೇರ್ಪಡುತ್ತದೆ. ಬ್ಯಾಟರಿ ಪೆಟ್ಟಿಗೆಯಿಂದ ಹೊರಕ್ಕೆ ಗಾಳಿಕೊಳವೆ ಬಂತು. ಇನ್ವರ್ಟರಿಗೆ ಹೋಗುವ ಕೇಬಲ್ ಬೇರೆಯೇ ವಿಷಯ: 12 ವೋಲ್ಟಿನಲ್ಲಿ 1000 ವಾಟ್ ಬೇಕಾದರೆ, ಇನ್ವರ್ಟರಿನ ಒಳಗಿನ ನಷ್ಟವೂ ಸೇರಿ 90 ಆಂಪಿಯರ್ ಮೀರುತ್ತದೆ, ಆದ್ದರಿಂದ ಅದನ್ನು ಬ್ಯಾಟರಿಯ ಪಕ್ಕಕ್ಕೇ ತಂದು 35 ಚದರ ಮಿಲಿಮೀಟರಿನ ಗಿಡ್ಡ ಕೇಬಲ್ ಮತ್ತು ಅದಕ್ಕೆ ತಕ್ಕ ಪ್ರತ್ಯೇಕ ಫ್ಯೂಸ್ ಕೊಟ್ಟರು. ಎಲ್ಲ ಸೇರಿ 28,000 ರೂಪಾಯಿ ಆಯಿತು. ಮೊದಲು ವ್ಯರ್ಥವಾದ 25,500 ರೂಪಾಯಿ ಇದಕ್ಕೇ ಹೋಗಬೇಕಿತ್ತು.

ಗಾಡಿ ನಿಮ್ಮದು ಇನ್ನೂ ಹೊಸದಾಗಿದ್ದರೆ ಒಂದು ಮಾತು. ಹೊಗೆ ಮಿತಿಯ ಬಿಎಸ್-6 ನಿಯಮ ಬಂದ ಮೇಲಿನ ಅನೇಕ ವಾಹನಗಳಲ್ಲಿ ಡೈನಮೋದ ವೋಲ್ಟೇಜನ್ನು ಎಂಜಿನ್ನಿನ ಕಂಪ್ಯೂಟರ್ ಆಳುತ್ತದೆ. ಎಂಜಿನ್ ಬ್ಯಾಟರಿ ತುಂಬಿದೊಡನೆ ಅದನ್ನು ತಗ್ಗಿಸಿಬಿಡುತ್ತದೆ. ಅಲ್ಲಿ ಬರೀ ರಿಲೇ ಹಾಕಿದರೆ, ಕೇಬಲ್ ಎಷ್ಟೇ ದಪ್ಪಗಿರಲಿ, ಹಿಂದಿನ ಬ್ಯಾಟರಿ ತುಂಬುವುದಿಲ್ಲ. ಲಿಥಿಯಂ ಬ್ಯಾಟರಿ ಹಾಕಿಸಿಕೊಳ್ಳುವವರಿಗೂ ರಿಲೇ ಸಲ್ಲದು. ಲಿಥಿಯಂ ತನಗೆ ಸಿಕ್ಕಷ್ಟು ಕರೆಂಟನ್ನು ಎಳೆದುಕೊಳ್ಳುತ್ತದೆ, ಡೈನಮೋ ತಂಪಾಗುವುದು ತನ್ನದೇ ತಿರುಗಾಟದ ಫ್ಯಾನಿನಿಂದ. ಆಗುಂಬೆಯ 14 ತಿರುವುಗಳಲ್ಲಿ ಎದುರು ಬಸ್ಸಿಗೆ ದಾರಿ ಬಿಟ್ಟು ನಿಧಾನವಾಗಿ ಓಡುವ ಎಂಜಿನ್ನಿನೊಡನೆ ನಿಂತಾಗ ಅದು ಕಾದು ಸುಟ್ಟುಹೋಗಬಹುದು.

ಗಾಡಿ ಮಾಡಿಸುವವರು ಒಪ್ಪಂದದಲ್ಲೇ ಕೇಬಲಿನ ದಪ್ಪ, ಫ್ಯೂಸಿನ ಜಾಗ, ನೆಗೆಟಿವ್ ಕೇಬಲ್ ಪ್ರತ್ಯೇಕವಾಗಿ ಬರುತ್ತದೆಯೇ ಎಂಬುದನ್ನು ಬರೆಸಿಕೊಳ್ಳಿ. ಹಣದ ಕೊನೆಯ ಕಂತು ಕೊಡುವ ಮೊದಲು ಎಂಜಿನ್ ಓಡಿಸಿ, ಹಿಂದಿನ ಬ್ಯಾಟರಿಯ ಮೇಲೆ ಮೀಟರ್ ಇಟ್ಟು ತೋರಿಸಲು ಕೇಳಿ. ತೋರಿಸಲು ಹಿಂಜರಿಯುವವರ ಕೈಯಲ್ಲಿ ಗಾಡಿ ಬಿಡಬೇಡಿ. ವಾಹನದ ಮೂಲ ರೂಪ ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಅನುಮತಿ ಬೇಕಾಗುತ್ತದೆ ಎಂಬುದನ್ನೂ ನೆನಪಿಡಿ. ಕಾಗದಪತ್ರ ಸರಿಯಿಲ್ಲದ ಗಾಡಿಗೆ ವೈರಿಂಗಿನಿಂದ ಬೆಂಕಿ ಹತ್ತಿದರೆ ವಿಮೆಯ ಹಣ ಕೇಳುವುದು ಕಷ್ಟ.

ಗಾಡಿ ಕಟ್ಟಿಕೊಟ್ಟವರಿಗೆ ಈ ಅಳತೆಗಳನ್ನೆಲ್ಲ ಬರೆದು ಕಳುಹಿಸಿದೆ. ಉತ್ತರ ಬರಲಿಲ್ಲ. ನನ್ನ ನಂತರ ಅವರಲ್ಲೇ ಗಾಡಿ ಮಾಡಿಸಿದ್ದ ಸಾಗರದ ಕಡೆಯ ಒಂದು ಕುಟುಂಬವನ್ನು ಪರಿಚಯದವರ ಮೂಲಕ ಹುಡುಕಿ, ಒಂದು ಸಂಜೆ ಅವರ ಮನೆಗೆ ಹೋದೆ. ಮಂಚದ ಹಲಗೆ ಎತ್ತಿ ಟಾರ್ಚ್ ಹಿಡಿದಾಗ ಅದೇ 10 ಚದರ ಮಿಲಿಮೀಟರಿನ ಕೇಬಲ್, ಅದೇ ಸಾದಾ ರಿಲೇ, ಗಾಡಿಯ ಮೈಗೆ ಹೊಡೆದ ಅದೇ ಸ್ಕ್ರೂ ಕಂಡವು; ಫ್ಯೂಸ್ ಎಲ್ಲಿಯೂ ಇರಲಿಲ್ಲ. ಅವರು ಮರುದಿನ ಬೆಳಗ್ಗೆ ಇಬ್ಬರು ಮಕ್ಕಳೊಡನೆ ಹೊರನಾಡಿಗೆ ಹೊರಡುವವರಿದ್ದರು. ಆ ರಾತ್ರಿಯೇ ಎರಡೂ ತುದಿಯಲ್ಲಿ ಕೇಬಲ್ ಬಿಚ್ಚಿ ಟೇಪ್ ಸುತ್ತಿದೆವು. ಮಕ್ಕಳು ಬಸ್ಸಿನಲ್ಲಿ ಹೋದರು.