ಹಣ ಪೂರ್ತಿ ಕೈಗೆ ಬರುವ ಮೊದಲು ಬಿಡಿಭಾಗಗಳ ಬಾಕ್ಸ್‌ಗಳನ್ನು ಕೊಡಬೇಡಿ

ರಿಪೇರಿ ಅರ್ಧಕ್ಕೆ ನಿಂತ ಹಳೆಯ ಗಾಡಿ ಮಾರಲು ಹೊರಟವರು ದಯವಿಟ್ಟು ಇದನ್ನು ಓದಿ. ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಇನ್ನೊಬ್ಬರಿಗೆ ಹೀಗಾಗಬಾರದು.

ನನ್ನದು 1954ರ ಷೆವ್ರೊಲೆ 3100 ಪಿಕಪ್ ಟ್ರಕ್. ಆರು ವರ್ಷದ ದುಡಿಮೆ. ಚಾಸಿಯ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು) ತುಕ್ಕು ಉಜ್ಜಿ ಪ್ರೈಮರ್ ಹೊಡೆದಿದ್ದೆ, ಎಂಜಿನ್ ಬಿಚ್ಚಿ ಸ್ಟ್ಯಾಂಡ್ ಮೇಲೆ ಇಟ್ಟಿದ್ದೆ, ಬಿಚ್ಚಿದ ಬಿಡಿಭಾಗಗಳನ್ನು ಬಾಕ್ಸ್‌ಗಳಲ್ಲಿ ತುಂಬಿಸಿಟ್ಟಿದ್ದೆ. ಬೆನ್ನು ನೋವಿನಿಂದ ಮುಂದುವರಿಸಲು ಆಗಲಿಲ್ಲ. ಮಾರಲು ಹಾಕಿದೆ.

ಬಂದವನು ವಿಷಯ ಗೊತ್ತಿರುವವನೇ. ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿ ನೋಡಿದ. ಕ್ಯಾಬಿನ್ ಮೂಲೆಗಳನ್ನು ತಟ್ಟಿ ನೋಡಿದ. ಚೌಕಾಸಿ ಮಾಡಲಿಲ್ಲ. ಪೇಪರ್ ಕೇಳಲೇ ಇಲ್ಲ. ಗಾಡಿ ಬೇಕಾದವರು ಮೊದಲು ಕೇಳುವುದೇ ಪೇಪರ್, ಅಲ್ವಾ? ನನಗೆ ಹೊಳೆಯಲಿಲ್ಲ. ಕಾಲು ಭಾಗ ಮುಂಗಡ ಕೊಟ್ಟು, "ಭಾನುವಾರ ಟ್ರೇಲರ್ ತರುತ್ತೇನೆ, ಇವತ್ತು ಬಾಕ್ಸ್‌ಗಳನ್ನು ಒಯ್ಯುತ್ತೇನೆ" ಅಂದ. ಬಾಕ್ಸ್‌ಗಳನ್ನು ಎತ್ತಿ ಅವನ ವ್ಯಾನಿಗೆ ಇಟ್ಟವನು ನಾನು. ನಾನೇ!

ಅದರಲ್ಲಿ ಏನಿತ್ತು ಗೊತ್ತಾ? ಮೀಟರ್‌ಗಳು, ಕಾರ್ಬ್ಯುರೇಟರ್, ಸ್ಟೀರಿಂಗ್, ಗ್ರಿಲ್ (ಗಾಡಿಯ ಮುಂಭಾಗದ ಜಾಲರಿ). ಆ ಗ್ರಿಲ್ 1954ರ ಗಾಡಿಗೆ, ಬಿಟ್ಟರೆ 1955ರ ಮೊದಲ ಕೆಲವು ತಿಂಗಳ ಗಾಡಿಗೆ ಮಾತ್ರ ಬಂದದ್ದು. 1953ರದ್ದೇ ಬೇರೆ. ಮುಂದಿನ ಗಾಜು ಎರಡು ತುಂಡು ಹೋಗಿ ಒಂದೇ ತುಂಡಾದದ್ದೂ 1954ರಲ್ಲೇ. ಅದನ್ನೂ ಕಂಬಳಿ ಸುತ್ತಿ ಜೋಪಾನವಾಗಿ ಕೊಟ್ಟೆ.

ಭಾನುವಾರ ಯಾರೂ ಬರಲಿಲ್ಲ. ಫೋನ್ ಮಾಡಿದರೆ "ಟ್ರೇಲರ್ ಸಿಕ್ಕಿಲ್ಲ". ಮುಂದಿನ ವಾರ "ಮನೆಯಲ್ಲಿ ಹುಷಾರಿಲ್ಲ". ನಾನು ಪಾಪ ಅಂದುಕೊಂಡು ಸುಮ್ಮನಾದೆ. ಮೂರನೇ ವಾರ ಈ ಮೆಸೇಜ್: "ಚಾಸಿಯಲ್ಲಿ ತುಕ್ಕು ಜಾಸ್ತಿ ಇದೆ. ಗಾಡಿ ನೀವೇ ಇಟ್ಟುಕೊಳ್ಳಿ. ಮುಂಗಡ ಬಾಕ್ಸ್‌ಗಳಿಗೆ ಸರಿಹೋಯಿತು."

ಸರಿಹೋಯಿತಂತೆ! ಕೆಳಗೆ ಮಲಗಿ ನೋಡಿದ ದಿನ ಕಾಣದ ತುಕ್ಕು ಮೂರು ವಾರದಲ್ಲಿ ಎಲ್ಲಿಂದ ಬಂತು? ಸಾಮಾನು ವಾಪಸ್ ಕೊಡು, ಮುಂಗಡ ಹಿಂದಿರುಗಿಸುತ್ತೇನೆ ಅಂದೆ. "ನೀವೇ ಖುಷಿಯಿಂದ ತುಂಬಿಸಿ ಕೊಟ್ಟಿರಲ್ಲ" ಅಂದ. ಆ ಮಾತು ಈಗಲೂ ಚುಚ್ಚುತ್ತದೆ. ಆಮೇಲೆ ಫೋನ್ ಎತ್ತಿಲ್ಲ.

ಅವನಿಗೆ ಗಾಡಿ ಬೇಕಾಗಿಯೇ ಇರಲಿಲ್ಲ. ಇಂಥ ಗಾಡಿಯ ಬೆಲೆ ಇರುವುದೇ ಬಾಕ್ಸ್‌ಗಳಲ್ಲಿ. ಪೂರ್ತಿ ಹಣ ಬರುವವರೆಗೆ ಒಂದು ನಟ್ಟನ್ನೂ ಕೊಡಬೇಡಿ. ಮುಂಗಡ ಇಡೀ ಗಾಡಿಗೆ ಅಂತ ಬರೆಸಿ ಸಹಿ ಹಾಕಿಸಿ. ನನ್ನ ಹತ್ತಿರ ಬರೀ ಬಾಯಿಮಾತು ಇತ್ತು.

ಮತ್ತೆ ಮಾರಲು ಹಾಕಿದ್ದೇನೆ. ಇಬ್ಬರು ಬಂದು ನೋಡಿದರು. ಇಬ್ಬರೂ ಮೊದಲು ಕೇಳಿದ್ದು ಒಂದೇ: "ಗ್ರಿಲ್ ಎಲ್ಲಿ?"